ಹಲಸಿನ ಹಲಗೆಯ ಕಾರು

ಬೊಂಬಾಯಿಯಿಂದ ಗಂಡಸರು ರಜೆಗೆ ಬಂದು ಪೆಟ್ಟಿಗೆ ತೆರೆದರೆ ಸೋಪಿನ ವಾಸನೆ ನೆರೆಮನೆಯ ಅಂಗಳದವರೆಗೆ ಹೋಗುತ್ತಿದ್ದ ಕಾಲ ಅದು. ನಮ್ಮ ಕೋಟೇಶ್ವರದ ಆಸುಪಾಸಿನಲ್ಲಿ ಆಗ ಅಪ್ಪಂದಿರು ಎಂದರೆ ಗೇರುಹಣ್ಣು ಕೆಂಪಾಗುವ ಹೊತ್ತಿಗೆ ಬಂದು, ಮಳೆ ಹಿಡಿಯುವ ಮೊದಲು ಹೊರಟುಹೋಗುವವರು. ನಮ್ಮ ಅಪ್ಪಯ್ಯನೂ ಹಾಗೆಯೇ. ಊರವರ ಬಾಯಲ್ಲಿ ಅವರ ಹೆಸರು ಮಾಬ್ಲ. ಬೊಂಬಾಯಿಯ ಒಂದು ಹೋಟೆಲಿಗೆ ಹಾಲು, ತರಕಾರಿ ತರುವ ವ್ಯಾನು ಓಡಿಸುತ್ತಿದ್ದರು. ವರ್ಷದಲ್ಲಿ ಹತ್ತು ತಿಂಗಳು ಅವರು ನನಗೆ ಗೋಡೆಯ ಮೇಲಿನ ಒಂದು ಫೋಟೋ. ಉಳಿದ ಎರಡು ತಿಂಗಳು, ಆ ಫೋಟೋದಿಂದ ಇಳಿದು ಬಂದು ನಮ್ಮ ಜೊತೆ ಊಟಕ್ಕೆ ಕೂರುವ ಮನುಷ್ಯ.

ನನಗೆ ಒಂಬತ್ತು ತುಂಬಿದ ವರ್ಷ. ಬಂದ ಮಾರನೇ ಬೆಳಿಗ್ಗೆ ನೀರುದೋಸೆ ಮಡಚುತ್ತಾ ಅಪ್ಪಯ್ಯ ನನ್ನ ಅಮ್ಮನಿಗೆ ಹೇಳಿದರು. ನಾವು ಅಮ್ಮನನ್ನು ಅಬ್ಬಿ ಎನ್ನುವುದು.

"ಈ ಸರ್ತಿ ಒಂದ್ ಹಳೇ ಕಾರ್ ಕಾಂತೆ. ಒಳ್ಳೇದ್ ಸಿಕ್ಕಿರೆ ಬಾಡಿಗಿ ಓಡ್ಸಕಂಡ್ ಇಲ್ಲೇ ಇಪ್ಪುದ್. ಇಲ್ದಿದ್ರೆ ಮಳಿ ಮುಂಚೆ ಬಸ್ಸ್ ಹತ್ತುದೇ."

ಅಬ್ಬಿ ಕಾವಲಿಯಿಂದ ತಲೆ ಎತ್ತಲಿಲ್ಲ. "ಹ್ವಾದ್ ವರ್ಷ ಹಿಟ್ಟಿನ ಮಿಲ್ಲ್ ಅಂದ್ರಿ. ಅದ್ರ ಮುಂಚಿನ್ ವರ್ಷ ಕೋಳಿ ಸಾಕ್ತೆ ಅಂದ್ರಿ. ದ್ವಾಸಿ ತಣ್ದ್ ಹೋತ್ತ್, ತಿನ್ನಿ."

ಅವರು ಮುಂದೆ ಏನೇನು ಮಾತಾಡಿಕೊಂಡರೋ, ನನ್ನ ಕಿವಿಯಲ್ಲಿ ಉಳಿದದ್ದು 'ಇಲ್ಲೇ ಇಪ್ಪುದ್' ಎಂಬುದೊಂದೇ. ಅವತ್ತಿನಿಂದ ಸಂಜೆ ದೇವರ ದೀಪದ ಮುಂದೆ ಕೈ ಮುಗಿಯುವಾಗ ಲೆಕ್ಕ, ಮಗ್ಗಿ, ಬುದ್ಧಿ ಎಲ್ಲ ಬಿಟ್ಟು ಒಂದೇ ಬೇಡಿಕೆ: ಅಪ್ಪಯ್ಯ ಇಲ್ಲೇ ಇರಲಿ.

ಕಾರಿನ ಸುದ್ದಿ ತಂದವರು ಸಾಧು ಮೇಸ್ತ್ರಿ. ಕೋಟೇಶ್ವರದಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದವರು, ಅಪ್ಪಯ್ಯನ ಬಾಲ್ಯದ ಗೆಳೆಯರು. ಬಾರ್ಕೂರಿನಲ್ಲಿ ಅಕ್ಕಿ ಮಿಲ್ಲು ಇಟ್ಟಿದ್ದ ಹೆಬ್ಬಾರರು ತೀರಿಕೊಂಡು ವರ್ಷವಾಗಿತ್ತಂತೆ. ಅವರ ಹೆಂಡತಿ ಶೇಷಮ್ಮ ಈಗ ಗಂಡನ ಕಾರನ್ನು ಮಾರುತ್ತಾರಂತೆ.

"ಇಂಗ್ಲಿಷರ ಕಾಲದ್ ಗಾಡಿ ಮರ್ರೆ. ಎಂಜಿನ್ ಕೇಂಡ್ರೆ ಮಗು ವರ್ಗಿ ನಿದ್ರಿ ಮಾಡಿದಂಗ್ ಇತ್ತ್," ಎಂದರು ಮೇಸ್ತ್ರಿ. ಆಮೇಲೆ ತಲೆ ಕೆರೆದುಕೊಂಡರು. "ಆದ್ರೆ ಒಳ್ಗೆ ಎಂತೆಂತದೋ ಮಾಡಿ ಇಟ್ಟಿದ್ರ್. ಅದ್ ನನ್ ತಲಿಗ್ ಹತ್ಲಿಲ್ಲ. ನೀನೇ ಬಂದ್ ಕಾಣ್."

ಹಟ ಮಾಡಿ ನಾನೂ ಹೊರಟೆ. ಬ್ರಹ್ಮಾವರದವರೆಗೆ ಒಂದು ಬಸ್ಸು, ಅಲ್ಲಿಂದ ಬಾರ್ಕೂರಿಗೆ ಇನ್ನೊಂದು. ಬೊಂಬಾಯಿಯ ಹೊಸ ಫ್ರಾಕು ಬೆನ್ನಿಗೆ ಚುಚ್ಚುತ್ತಿತ್ತು. ದಾರಿಯುದ್ದಕ್ಕೂ ಗೇರುಬೀಜ ಸುಡುವ ವಾಸನೆ.

ಹೆಬ್ಬಾರರ ಮನೆಯ ಚಾವಡಿಯಲ್ಲಿ ಶೇಷಮ್ಮ ಬೆಲ್ಲ, ನೀರು ಇಟ್ಟರು. ತೆಳ್ಳಗಿನ, ಬೆಳ್ಳಗಿನ ಹೆಂಗಸು. ಮಾತು ಕಡಿಮೆ. "ಗಾಡಿ ಮಿಲ್ಲಿನ್ ಹಿಂದ್ ಇತ್ತ್. ಕಂಡ್ಕಂಡ್ ಬನ್ನಿ," ಎಂದು ಬೀಗದ ಕೈ ಕೊಟ್ಟು ಒಳಗೆ ಹೋದರು.

ಮಿಲ್ಲು ನಿಂತು ವರ್ಷವಾಗಿದ್ದರೂ ತೌಡಿನ ವಾಸನೆ ಹೋಗಿರಲಿಲ್ಲ. ಕೊಟ್ಟಿಗೆಯಲ್ಲಿ ಗೋಣಿ ಸರಿಸಿದರೆ ಕಪ್ಪಗೆ, ದುಂಡಗೆ, ಕಪ್ಪೆಯ ಕಣ್ಣಿನಂಥ ಎರಡು ದೀಪ ಇಟ್ಟುಕೊಂಡ ಕಾರು. ಅಪ್ಪಯ್ಯ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಅದನ್ನು ಅಲ್ಲಿಂದ ತೆಗೆಯಲೇ ಇಲ್ಲ. ಮದುವೆ ಹೆಣ್ಣನ್ನು ಕಂಡ ಹಾಗೆ ಕಾಣುತ್ತಿದ್ದಾರೆ ಎಂದು ನನಗೆ ನಗು ಬಂತು. ಎಂಜಿನ್ನು ಒಂದೇ ತಿರುವಿಗೆ ಎದ್ದಿತು. ಅಪ್ಪಯ್ಯನೇ ಕೂತು ಮಿಲ್ಲಿನ ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಇಳಿದು ಬಂದಾಗ ಅವರ ಮುಖ ನೋಡಿ, ಆಯ್ತು, ಇನ್ನು ಬೊಂಬಾಯಿ ಇಲ್ಲ ಎಂದುಕೊಂಡೆ.

ಆಮೇಲೆ ಹಿಂದಿನ ಬಾಗಿಲು ತೆರೆದರು.

ಹಿಂದೆ ಸೀಟೇ ಇಲ್ಲ. ಅದರ ಜಾಗದಲ್ಲಿ, ಒಂದು ಬದಿಗೆ, ಹಿಂಬದಿಯ ಡಿಕ್ಕಿಯೊಳಗೂ ಚಾಚಿಕೊಂಡ ಆರಡಿ ಉದ್ದದ ಹಲಸಿನ ಮರದ ಹಲಗೆ. ಕನ್ನಡಿಯ ಹಾಗೆ ನುಣುಪು ಮಾಡಿ, ನಾಲ್ಕು ಹಿತ್ತಾಳೆ ಕಾಲಿನ ಮೇಲೆ ನಿಲ್ಲಿಸಿದ್ದರು. ಹಲಗೆಯ ಕೆಳಗೆ ನೆಲಕ್ಕೆ ತಗಡು ಹೊದೆಸಿ, ಒಂದು ಮೂಲೆಗೆ ಇಳಿಜಾರು ಕೊಟ್ಟು, ಅಲ್ಲೊಂದು ತೂತು. ತೂತಿನಿಂದ ತಾಮ್ರದ ನಳಿಗೆ ಕಾರಿನ ಹೊಟ್ಟೆಯ ಕೆಳಗೆ ಇಳಿದಿತ್ತು. ಮುಂದಿನ ಸೀಟಿಗೂ ಹಿಂದಕ್ಕೂ ನಡುವೆ ಮರದ ಅಡ್ಡಗೋಡೆ, ಅದರಲ್ಲಿ ಅಂಗೈಯಗಲದ ಒಂದು ಕಿಂಡಿ. ಮಾಡಿನ ಒಳಗೆ ಈ ತುದಿಯಿಂದ ಆ ತುದಿಗೆ ಒಂದು ಬಿದಿರಿನ ಕೋಲು. ಓಡಿಸುವವನ ಕಿವಿಯ ಹತ್ತಿರ ಒಂದು ಕಂಚಿನ ಗಂಟೆ, ಅದರ ಹಗ್ಗ ಕಿಂಡಿಯಿಂದ ಹಿಂದಕ್ಕೆ ಹೋಗಿತ್ತು. ಹಲಗೆಯ ಬುಡದಲ್ಲಿ, ನೆಲಕ್ಕೆ ಹತ್ತಿಕೊಂಡ ಹಾಗೆ, ಮೇಲಕ್ಕೆ ಮುಖ ಮಾಡಿದ ಒಂದು ಪುಟ್ಟ ಕನ್ನಡಿ.

ನಾನು ಬಗ್ಗಿ ಆ ಕನ್ನಡಿಯಲ್ಲಿ ನೋಡಿದೆ. ನನ್ನ ಗಲ್ಲ ಮತ್ತು ಬಿದಿರಿನ ಕೋಲು ಕಂಡವು.

"ಇದ್ ಎಂತದಾ ಸಾಧು?" ಅಪ್ಪಯ್ಯ ಕೇಳಿದರು.

"ಅದೇ ನಾ ನಿನ್ನತ್ರ ಕೇಂಬುದ್."

"ಮೀನ್ ಹೊರುಕೆ ಮಾಡಿದ್ದಾ? ನೀರ್ ಹೋಪುಕೆ ತೂತ್ ಇತ್ತಲೆ."

"ಹೆಬ್ಬಾರ್ರ್ ಮೀನ್ ಹೊರುದಾ?" ಮೇಸ್ತ್ರಿ ಬಾಯಿಗೆ ಕೈ ಇಟ್ಟುಕೊಂಡು ಮನೆಯ ಕಡೆ ನೋಡಿದರು. "ಮೆಲ್ಲ ಮಾತಾಡ್ ಮರಾಯಾ, ಬೆಲ್ಲ ನೀರ್ ಕೊಟ್ಟಿದ್ರ್."

"ಅಕ್ಕಿ ಮುಡಿ ಇಡುಕಾ?"

"ಅಕ್ಕಿ ಮುಡಿ ಗಂಟಿ ಬಾರ್ಸುದಿಲ್ಲಲೆ."

ಶೇಷಮ್ಮನ ಹತ್ತಿರ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಗಂಡ ಸತ್ತು ವರ್ಷವಾದ ದೊಡ್ಡ ಮನೆಯ ಹೆಂಗಸು. ಅವರ ಗಂಡ ಮಾಡಿದ್ದನ್ನು 'ಇದೆಂತ ಮಳ್ಳು' ಎಂದು ಕೇಳುವುದು ಹೇಗೆ? ಇನ್ನೊಂದು ಸಲ ಬರುತ್ತೇವೆ ಎಂದು ಬೀಗದ ಕೈ ಕೊಟ್ಟು ಬಂದೆವು.

ಆ ಹದಿನೈದು ದಿನ ನಮ್ಮ ಕೇರಿಯಲ್ಲಿ ಆ ಕಾರಿನದ್ದೇ ಮಾತು. ಮೇಸ್ತ್ರಿ ಹೋಟೆಲಿನಲ್ಲಿ ಚಾ ಕುಡಿಯುತ್ತಾ ವರ್ಣಿಸಿದ್ದೇ ತಪ್ಪಾಯಿತು. ಒಬ್ಬರು ಅದು ಮದ್ದಿನ ಪಂಡಿತರ ಎಣ್ಣೆ ತಿಕ್ಕುವ ಹಲಗೆ ಎಂದರು. ಒಬ್ಬರು ಹೆಬ್ಬಾರರಿಗೆ ಬೆನ್ನು ನೋವು, ಮಲಗಿಕೊಂಡೇ ಹೋಗುತ್ತಿದ್ದರು ಎಂದರು. ನಾವು ಮಕ್ಕಳು ಅಂಗಳದಲ್ಲಿ ಇದ್ದಿಲಿನಿಂದ ಕಾರಿನ ಚಿತ್ರ ಬರೆದು, ಗೇರುಬೀಜದ ಆಟ ಬಿಟ್ಟು ಅದರೊಳಗೆ ಮಲಗಿ, ಕೂತು, ನಿಂತು ನೋಡಿದೆವು. ಹೇಗೆ ಮಾಡಿದರೂ ಆ ಗಂಟೆಗೊಂದು ಕೆಲಸ ಸಿಗಲಿಲ್ಲ. ಗಂಟೆಗೆ ಕೆಲಸ ಸಿಕ್ಕರೆ ಕೋಲು ಉಳಿಯುತ್ತಿತ್ತು, ಕೋಲಿಗೆ ಸಿಕ್ಕರೆ ಕನ್ನಡಿ ಉಳಿಯುತ್ತಿತ್ತು.

ಕಡೆಗೆ ಹೋಟೆಲಿನ ಸಂಜೀವಣ್ಣ ವಡೆ ಕರಿಯುತ್ತಾ ತೀರ್ಪು ಕೊಟ್ಟರು. "ಆರಡಿ ಹಲ್ಗಿ. ತೊಳುಕೆ ತೂತ್. ಮುಂದೆ ಅಡ್ಡ ಗ್ವಾಡಿ. ಇನ್ನೂ ಎಂತ ಬೇಕ್ ನಿಮ್ಗೆ? ಹೆಣದ್ ಗಾಡಿ!"

"ಗಂಟಿ ಎಂತಕ್ಕೆ ಹಂಗಾರೆ?" ಯಾರೋ ಕೇಳಿದರಂತೆ.

"ಹೆಣ ಎದ್ರೆ ಬಾರ್ಸುಕೆ," ಎಂದರಂತೆ ಸಂಜೀವಣ್ಣ. ಹೋಟೆಲು ಇಡೀ ನಕ್ಕಿತಂತೆ. ಆದರೆ ನಕ್ಕವರೆಲ್ಲ ಮನೆಗೆ ಹೋಗಿ ಅದನ್ನೇ ನಿಜವೆಂದು ಹೇಳಿದರು.

ಆ ಮಾತು ನಮ್ಮ ಮನೆಗೂ ಬಂತು. ಅಬ್ಬಿ ಹಲಸಿನ ಹಪ್ಪಳ ಒಣಗಿಸುತ್ತಿದ್ದವಳು ಅಂಗಳದಿಂದಲೇ ಕೂಗಿದಳು. "ಹ್ವಾಯ್, ಕೇಂಡ್ತಾ? ಹೆಣ ಹೊತ್ತ್ ಗಾಡಿಯಂಗೆ ಮದಿ ದಿಬ್ಬಣ ಯಾರ್ ಹೋತ್ರ್? ಯಾವ್ ಮದ್ಮಗ್ಳ್ ಕೂಕಂತ್ಳ್?"

ಸಂಜೆ ಅಪ್ಪಯ್ಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಒರೆಸುವುದನ್ನು ಕಂಡೆ. ಒಂದು ಹಲಗೆ, ಒಂದು ತೂತು, ಒಂದು ಗಂಟೆ ಸೇರಿ ನನ್ನ ಅಪ್ಪಯ್ಯನನ್ನು ಬಸ್ಸು ಹತ್ತಿಸುತ್ತಿವೆ, ಯಾಕೆಂದು ಯಾರಿಗೂ ಗೊತ್ತಿಲ್ಲ!

ಕಾರು ಬೇಡ ಎಂದು ಹೇಳಿ ಬರಲು ಅಪ್ಪಯ್ಯ ಮತ್ತೆ ಬಾರ್ಕೂರಿಗೆ ಹೊರಟಾಗ ನಾನು ಬೆನ್ನು ಬಿಡಲಿಲ್ಲ. ಮತ್ತೆ ಅದೇ ಚಾವಡಿ, ಅದೇ ಬೆಲ್ಲ, ನೀರು. ಅಪ್ಪಯ್ಯ ಟೊಪ್ಪಿ ಇಲ್ಲದ ತಲೆಯಿಂದ ಟೊಪ್ಪಿ ತೆಗೆಯುವವರ ಹಾಗೆ ಕೈಯಾಡಿಸುತ್ತಾ, "ಅಮ್ಮ, ಗಾಡಿ ಒಳ್ಳೇದೇ... ಆದ್ರೆ..." ಎಂದು ಎಳೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಅದ್ರಂಗೆ ಹೆಣ ಹೊತ್ತದ್ದಾ?"

ಅಪ್ಪಯ್ಯ ನನ್ನ ರಟ್ಟೆ ಹಿಡಿದು ಚಿವುಟಿದ ಗುರುತು ಎರಡು ದಿನ ಇತ್ತು. ಶೇಷಮ್ಮ ನನ್ನನ್ನು ನೋಡಿದರು. ಅವರ ಬಾಯಿ ಒಂಥರಾ ಸೊಟ್ಟಗಾಯಿತು. ಅಳುತ್ತಾರೆ ಎಂದುಕೊಂಡೆ. ಅವರು ನಗತೊಡಗಿದರು. ಸೆರಗಿನಲ್ಲಿ ಮುಖ ಮುಚ್ಚಿ, ಕಂಬ ಹಿಡಿದುಕೊಂಡು, ಉಸಿರು ಸಿಕ್ಕದ ಹಾಗೆ ನಕ್ಕರು.

"ಹೆಣ ಅಲ್ಲ ಮಗಾ, ನಮ್ ಅತ್ತಿ!" ಎಂದರು. "ನಮ್ ಅತ್ತಿ ಮಡಿಗ್ ಮಾಡಿದ್!"

ಆಮೇಲೆ ಅವರು ಹೇಳಿದ ಕತೆ ಇದು. ಹೆಬ್ಬಾರರ ತಾಯಿಗೆ ಮಡಿಯೆಂದರೆ ಮಡಿ. ಬೇರೆಯವರು ಕೂತ ಜಾಗದಲ್ಲಿ ಕೂರುವವರಲ್ಲ, ಬಸ್ಸು ಹತ್ತುವವರಲ್ಲ. ಒಬ್ಬಳೇ ಮಗಳನ್ನು ಬೈಂದೂರಿನ ಕಡೆಗೆ ಕೊಟ್ಟಿದ್ದರು. ಮಗಳನ್ನು ನೋಡದೆ ಹದಿನಾಲ್ಕು ವರ್ಷವಾಗಿತ್ತು. ಮಗಳು ಹಾಸಿಗೆ ಹಿಡಿದಿದ್ದಾಳೆ ಎಂದು ಸುದ್ದಿ ಬಂದಾಗ ಹೆಬ್ಬಾರರು ಈ ಕಾರು ತಂದರು. ಸೀಟಿನ ಬಟ್ಟೆ ಮಡಿಗೆ ಆಗದು ಎಂದು ಕಿತ್ತುಹಾಕಿ, ಹಲಸಿನ ಹಲಗೆ ಇಟ್ಟರು. ಪ್ರತಿ ಸಲ ತೊಳೆಯಬೇಕು ಎಂದು ತೂತು, ನಳಿಗೆ. ಓಡಿಸುವವನ ಉಸಿರು ತಾಗಬಾರದೆಂದು ಗೋಡೆ. ಉಟ್ಟು ತೊಳೆದ ಮಡಿ ಸೀರೆ ಯಾರೂ ಮುಟ್ಟದ ಹಾಗೆ ದಾರಿಯಲ್ಲೇ ಒಣಗಲೆಂದು ಬಿದಿರಿನ ಕೋಲು. ಜಪದ ನಡುವೆ ಮಾತಾಡುವ ಹಾಗಿಲ್ಲ, ನಿಲ್ಲಿಸಬೇಕಾದರೆ ಎಳೆಯಲು ಗಂಟೆ. ಎರಡು ತಿಂಗಳು ಮಿಲ್ಲಿನ ಕೆಲಸ ಬಿಟ್ಟು ತಾನೇ ಕೂತು ಮಾಡಿದರಂತೆ.

"ಮತ್ತೆ? ಹೋಯ್ರಾ?" ಅಪ್ಪಯ್ಯ ಕೇಳಿದರು.

"ಎಲ್ಲ್ ಹೋಪುದ್!" ಶೇಷಮ್ಮ ನಗು ನಿಲ್ಲಿಸಿದ್ದರು. "ಹೊರ್ಡು ದಿನ ಒಂದ್ ಕಾಲ್ ಒಳ್ಗ್ ಇಟ್ಟಿದ್ರ್. ಯಾರೋ ಒಬ್ರ್ ಎಂಜಿನ್ನಂಗೆ ಬೆಲ್ಟ್ ಇತ್ತ್ ಅಂದ್ರ್. ಬೆಲ್ಟ್ ಅಂದ್ರೆ ಚರ್ಮ ಅಲ್ದಾ ಅಂದ್ ಕಾಲ್ ತೆಗ್ದ್ರ್. ಇವ್ರ್ ಬಿಚ್ಚಿ ತಂದ್ ತೋರ್ಸಿರ್, ರಬ್ಬರ್ ಅಂದ್ ಆಣೆ ಹಾಕಿರ್. ಅತ್ತಿ ಕೇಣ್ಲಿಲ್ಲ. ಮಗ್ಳ ಮುಖ ಕಾಣದೇ ಹೋಯ್ರ್."

"ಆ ಕನ್ನಡಿ ಎಂತಕ್ಕೆ ಅಜ್ಜಿ?" ಎಂದೆ.

"ಅದ್ ನಂಗೂ ಗೊತ್ತಿಲ್ಲೆ. ಅವ್ರ್ ಇಟ್ಟಿದ್ರ್, ನಾ ಕೇಣ್ಲಿಲ್ಲ. ಈಗ ಯಾರತ್ರ ಕೇಂಬುದ್?"

ಬೇಡ ಎಂದು ಹೇಳಲು ಹೋದ ಅಪ್ಪಯ್ಯ ಕ್ರಯ ಮಾತಾಡಿ ಆ ಕಾರಿನಲ್ಲೇ ಮನೆಗೆ ಬಂದರು. ಬಾರ್ಕೂರಿನಿಂದ ಕೋಟೇಶ್ವರದವರೆಗೆ ನಾನು ಮುಂದೆ ಕೂತು, ಕೈ ಹೊರಗೆ ಹಾಕಿ, ಗಾಳಿಯನ್ನು ಹಿಡಿಯುತ್ತಿದ್ದೆ. ಗೋಜಲು ಬಿಡಿಸಿದವಳು ನಾನು. ಇನ್ನು ಊರಿಗೆಲ್ಲ ನಿಜ ಹೇಳಿದರೆ ಆಯಿತು.

ಅಪ್ಪಯ್ಯ ಹೋಟೆಲಿಗೆ ಹೋಗಿ ನಿಜ ಹೇಳಿದರು. ಮಡಿ, ಹಲಗೆ, ಬೆಲ್ಟು, ಒಂದೂ ಬಿಡದೆ. ಸಂಜೀವಣ್ಣ ಪೂರ್ತಿ ಕೇಳಿಸಿಕೊಂಡು, "ಮಾಬ್ಲಾ, ಸುಳ್ಳ್ ಹೇಳುದಾರೂ ಸ್ವಲ್ಪ ನಂಬು ಹಂಗ್ ಹೇಳ್," ಎಂದರಂತೆ.

ಸೀಟು ಹೊಲಿಯುವವನು ಕುಂದಾಪುರದಲ್ಲಿದ್ದ. ಮದುವೆ ಕಾಲ ಮುಗಿಯಲಿ, ಕೈ ತುಂಬಾ ಕೆಲಸ ಎಂದ. ಅಲ್ಲಿಯವರೆಗೆ ಇರಲಿ ಎಂದು ಅಪ್ಪಯ್ಯ ಹಲಗೆಯ ಮೇಲೆ ಹಾಸಿಗೆ ಹಾಸಿ, ಬೊಂಬಾಯಿಯ ಹೂವಿನ ಚಾದರ ಹೊದೆಸಿದರು. ಅದರಿಂದ ಇನ್ನೂ ಹಾಳಾಯಿತು. ಈಗ ಅದು ನೋಡಲು ಹೂ ಹಾಕಿ ಸಿಂಗರಿಸಿದ ಚಟ್ಟದ ಹಾಗೆಯೇ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಕಾರು ಒರೆಸಿ ಪೇಟೆಯಲ್ಲಿ ನಿಲ್ಲಿಸುತ್ತಿದ್ದರು, ಸಂಜೆ ಹಾಗೆಯೇ ತರುತ್ತಿದ್ದರು. ದಿಬ್ಬಣದವರು ನಮ್ಮ ಕಾರನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಮಕ್ಕಳು ನನ್ನನ್ನು ಕಂಡರೆ 'ಟಿಣ್ ಟಿಣ್' ಎನ್ನುತ್ತಿದ್ದರು. ಮೂರು ವಾರ ಒಂದೇ ಒಂದು ಬಾಡಿಗೆ ಬರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಅಪ್ಪಯ್ಯ ಬೊಂಬಾಯಿ ಬಸ್ಸಿಗೆ ಟಿಕೆಟ್ ತಂದರು.

ಹೊರಡುವ ದಿನ ಬಂಗುಡೆ ಸಾರು, ಕುಚಲಕ್ಕಿ ಅನ್ನ. ಪೆಟ್ಟಿಗೆ ಜಗಲಿಯಲ್ಲಿತ್ತು. ಕುಂದಾಪುರದಿಂದ ಮೂರು ಗಂಟೆಗೆ ಬಸ್ಸು. ಅಪ್ಪಯ್ಯ ಕೈ ತೊಳೆಯುತ್ತಿದ್ದಾಗ ಅಂಗಳದ ತುದಿಯಲ್ಲಿ ಒಬ್ಬ ಗಂಡಸು ನಿಂತಿದ್ದ. ನಮಗೆ ಗುರುತಿಲ್ಲದವನು. ಬರಿಗಾಲು, ಹೆಗಲ ಮೇಲೆ ಬೈರಾಸು ವಸ್ತ್ರ.

"ಹ್ವಾಯ್," ಎಂದ ಮೆಲ್ಲಗೆ. "ಹೆಣದ್ ಗಾಡಿ ನಿಮ್ದಾ?"

ಆವರೆಗೆ ಆ ಮಾತನ್ನು ಎಲ್ಲರೂ ನಗುತ್ತಾ ಹೇಳಿದ್ದರು. ಇವನು ನಗಲಿಲ್ಲ.

ವಂಡ್ಸೆಯ ಕಡೆಯವನು. ಅವನ ತಾಯಿ ಬೆಳಿಗ್ಗೆ ಕುಂದಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಮೂರು ಕಾರಿನವರು ಆಗುವುದಿಲ್ಲ ಎಂದಿದ್ದರು. ಆಮೇಲೆ ಮದುವೆಗೆ ಯಾರೂ ಕರೆಯುವುದಿಲ್ಲ ಎಂದು ಅವರಿಗೆ ಹೆದರಿಕೆ. "ಅಬ್ಬಿನ ಊರಿಗ್ ಕೊಂಡ್ಹೋಯ್ಕ್," ಎಂದ. "ಕೋಟೇಶ್ವರದಂಗೆ ಅದಕ್ಕೇ ಅಂತ ಒಂದ್ ಗಾಡಿ ಇತ್ತ್ ಅಂಬ್ರ್."

ಅಪ್ಪಯ್ಯ ಒದ್ದೆ ಕೈಯಲ್ಲಿ ಹಾಗೆಯೇ ನಿಂತರು. ಅಬ್ಬಿ ಬಾಗಿಲಿಗೆ ಬಂದಳು.

"ಬೇಡ. ಇಷ್ಟ್ ದಿನ ಬರೀ ಬಾಯ್ ಮಾತ್ ಆಯಿತ್. ಇವತ್ತ್ ಹೋರೆ ನಿಜ ಆತ್ತ್."

"ಹೆಸ್ರ್ ಹ್ಯಾಂಗೂ ಬಂದಾಯ್ತಲೆ."

"ಬಸ್ಸ್?"

"ಬಸ್ಸ್ ನಾಳೆಯೂ ಇತ್ತ್," ಎಂದು ಅಪ್ಪಯ್ಯ ಗೂಟದಿಂದ ಕಾರಿನ ಬೀಗದ ಕೈ ತೆಗೆದರು. "ಇವ್ರ ಅಬ್ಬಿ ನಾಳೆವರಿಗೆ ಕಾಯ್ತ್ಳಾ?"

ಹೂವಿನ ಚಾದರವನ್ನು ಎಳೆದು ನನ್ನ ಕೈಗೆ ಕೊಟ್ಟು ಹೋದರು.

ಅವರು ಬಂದದ್ದು ಸಂಜೆ. ಒಳಗೆ ಬರಲಿಲ್ಲ. ಬಾವಿಯಿಂದ ನೀರು ಸೇದಿ ಸೇದಿ ಹಲಗೆಯ ಮೇಲೆ ಸುರಿದರು. ನೀರು ಇಳಿಜಾರಿನಲ್ಲಿ ಹರಿದು, ತೂತಿನಲ್ಲಿ ಇಳಿದು, ತಾಮ್ರದ ನಳಿಗೆಯಿಂದ ಅಂಗಳಕ್ಕೆ ಬಿತ್ತು. ಒಂದು ತೊಟ್ಟೂ ಒಳಗೆ ನಿಲ್ಲಲಿಲ್ಲ. ಮಿಂದು ಬಂದು ಗಂಜಿಗೆ ಕೂತರು.

"ವಂಡ್ಸಿ ಬದಿ ಚಿತ್ತೂರ್ ಹತ್ರ ಒಂದ್ ಗದ್ದಿ ಬಂತ್," ಎಂದರು ಗಂಜಿ ಕಲಸುತ್ತಾ. "ಅಬ್ಬಿ ನೆಟ್ಟಿ ಮಾಡು ಗದ್ದಿ, ಒಂಚೂರ್ ನಿಲ್ಸಿ ಅಂದ. ನಿಲ್ಸಿದೆ. ಎಂಜಿನ್ ಬಂದ್ ಮಾಡಿದೆ. ಗದ್ದಿಯಂಗೆ ಯಾರೂ ಇರ್ಲಿಲ್ಲ. ಸುಮ್ನೆ ನಿಂತ್ಕಂಡ್ ಬಂದದ್ದ್. ಎಂತಕ್ಕೋ ಗೊತ್ತಿಲ್ಲೆ."

ಅಬ್ಬಿ ಇನ್ನೊಂದು ಸೌಟು ಗಂಜಿ ಬಡಿಸಿದಳು. ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ.

ಹೆಬ್ಬಾರರು ತಾಯಿಯ ಮಡಿಗೆ ಮಾಡಿದ ಹಲಗೆ ಅದು, ಹೇಳದೆ ಇರುವುದು ಸರಿಯಲ್ಲ ಎಂದು ಮರುದಿನ ಅಪ್ಪಯ್ಯ ಬಾರ್ಕೂರಿಗೆ ಹೋದರು. ಶೇಷಮ್ಮ ಕಂಬಕ್ಕೆ ಒರಗಿ ಎಲ್ಲ ಕೇಳಿದರಂತೆ. ಸಿಟ್ಟಾಗುತ್ತಾರೆ ಎಂದು ಅಪ್ಪಯ್ಯ ಎದ್ದು ನಿಂತಿದ್ದರಂತೆ. "ಅತ್ತಿ ಹತ್ಲೇ ಇಲ್ಲ," ಎಂದರಂತೆ ಅವರು. "ಯಾರದ್ದೋ ಅಬ್ಬಿ ಆದ್ರೂ ಹತ್ತಿ ಊರ್ ಮುಟ್ಟಿರಲೆ. ಇವ್ರ್ ಮಾಡಿದ್ದ್ ದಂಡ ಆಯ್ಲಿಲ್ಲ."

ಮತ್ತೆ ಒಬ್ಬರು ಬಂದರು, ಮತ್ತೊಬ್ಬರು ಬಂದರು. ಗಂಗೊಳ್ಳಿಯಿಂದ, ಬೈಂದೂರಿನಿಂದ, ಹಾಲಾಡಿಯ ಒಳಗಿನಿಂದ. ಸೀಟು ಹೊಲಿಯುವವನ ಹತ್ತಿರ ಅಪ್ಪಯ್ಯ ಹೋಗಲೇ ಇಲ್ಲ. ಬೊಂಬಾಯಿಯ ಪೆಟ್ಟಿಗೆಯಲ್ಲಿ ಅಬ್ಬಿ ಹಪ್ಪಳ ತುಂಬಿಸಿಟ್ಟಳು. ಮಳೆ ಬಂತು, ಅಪ್ಪಯ್ಯ ಮನೆಯಲ್ಲೇ ಇದ್ದರು. ನನ್ನ ಜನ್ಮದಲ್ಲಿ ಮೊದಲ ಸಲ ಅಪ್ಪಯ್ಯ ಕೊಡೆ ಹಿಡಿದು ನನ್ನನ್ನು ಶಾಲೆಗೆ ಬಿಟ್ಟದ್ದು ಆ ಜೂನಿನಲ್ಲಿ.

ನನ್ನ ಕಷ್ಟ ಶುರುವಾದದ್ದೂ ಆಗಲೇ. ಒಂದು ಸಂಜೆ ದೀಪದ ಮುಂದೆ ಎಂದಿನ ಹಾಗೆ 'ಅಪ್ಪಯ್ಯ ಇಲ್ಲೇ ಇರಲಿ' ಎನ್ನಲು ಬಾಯಿ ತೆರೆದವಳು ಅಲ್ಲಿಗೇ ನಿಂತೆ. ಅಪ್ಪಯ್ಯ ಇಲ್ಲಿ ಇರಬೇಕಾದರೆ ಬಾಡಿಗೆ ಬರಬೇಕು. ಬಾಡಿಗೆ ಬರಬೇಕಾದರೆ ಯಾರ ಮನೆಯಲ್ಲೋ ಒಬ್ಬರು ಸಾಯಬೇಕು. ಹಾಗಾದರೆ ಇಷ್ಟು ದಿನ ನಾನು ದೇವರ ಹತ್ತಿರ ಕೇಳುತ್ತಿದ್ದದ್ದು ಏನು? ವಂಡ್ಸೆಯ ಆ ಹೆಂಗಸು ನನ್ನ ಬೇಡಿಕೆಯಿಂದ ಸತ್ತಳೇ? ಕೈ ಮುಗಿದುಕೊಂಡೇ ಅತ್ತೆ. ಅಬ್ಬಿ ಓಡಿ ಬಂದಳು.

"ನಾ ಎಂತ ಬೇಡ್ಕಣ್ಕ್ ಅಬ್ಬಿ?"

ವಿಷಯ ಕೇಳಿ ಅವಳೂ ಬತ್ತಿ ಸರಿ ಮಾಡುತ್ತಾ ತುಂಬಾ ಹೊತ್ತು ಕೂತಳು. ಅವಳಿಗೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. "ಎಂತದೂ ಬೇಡ. ಸುಮ್ನೆ ಕೈ ಮುಗಿ," ಎಂದಳು. ಅಂದಿನಿಂದ ನಾನು ಸುಮ್ಮನೆ ಕೈ ಮುಗಿಯುತ್ತೇನೆ. ಬೇಡಿಕೆಯ ಜಾಗದಲ್ಲಿ ಇನ್ನೂ ಏನನ್ನು ಇಡಬೇಕೆಂದು ತಿಳಿದಿಲ್ಲ.

ಈಗ ನಮ್ಮ ಮನೆಯ ಮುಂದಿನ ರಸ್ತೆ ನಾಲ್ಕು ಪಥದ್ದು. ಆಸ್ಪತ್ರೆಯಿಂದ ಬಿಳಿ ವ್ಯಾನುಗಳು ಬರುತ್ತವೆ, ಒಳಗೆ ತಣ್ಣನೆಯ ಪೆಟ್ಟಿಗೆ, ಸ್ಟೀಲಿನ ಹಲಗೆ. ಫೋನು ಮಾಡಿದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತವೆ. ಯಾರೂ ಅಂಗಳದ ತುದಿಯಲ್ಲಿ ಬರಿಗಾಲಲ್ಲಿ ನಿಂತು ಕೇಳಬೇಕಾಗಿಲ್ಲ. ಅದು ಒಳ್ಳೆಯದೇ. ಕಾರು ತುಕ್ಕು ಹಿಡಿದು ಗುಜರಿಗೆ ಹೋಯಿತು. ಅಬ್ಬಿ ಹೋಗಿ ಆರು ವರ್ಷ. ಅಪ್ಪಯ್ಯನಿಗೆ ಎಂಬತ್ತು ದಾಟಿದೆ, ನನ್ನ ಜೊತೆಗೇ ಇದ್ದಾರೆ. ಒಂದು ಕಾಲದಲ್ಲಿ ಕುಂದಾಪುರದಿಂದ ಬೈಂದೂರಿನವರೆಗೆ ಯಾರ ಮನೆಗೆ ಯಾವ ಗದ್ದೆ, ಯಾರ ತಾಯಿಗೆ ಯಾವ ಕಟ್ಟೆ, ಯಾರು ಯಾವ ಅಂಗಡಿಯ ಜಗಲಿಯಲ್ಲಿ ಕೂರುತ್ತಿದ್ದರು ಎಂದು ಅವರಿಗೆ ಬಾಯಿಪಾಠ. ಸತ್ತವರನ್ನು ಕೊಂಡುಹೋಗುವಾಗ ಎಲ್ಲೆಲ್ಲಿ ಎಂಜಿನ್ ಬಂದ್ ಮಾಡಿ ನಿಲ್ಲಬೇಕು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಹೆದ್ದಾರಿಯಲ್ಲಿ ಅಂಥ ವ್ಯಾನೊಂದು ಕೂಗುತ್ತಾ ಉತ್ತರಕ್ಕೆ ಹೋಯಿತು. ಅಪ್ಪಯ್ಯ ತುತ್ತು ಕೆಳಗಿಟ್ಟು ತಲೆ ಎತ್ತಿದರು.

"ಯಾರ್ ಅಂಬ್ರ್?"

"ಗೊತ್ತಿಲ್ಲೆ ಅಪ್ಪಯ್ಯ."

"ಎಲ್ಲಿಯವ್ರ್?"

ಅದೂ ಗೊತ್ತಿರಲಿಲ್ಲ. ಕೇಳಲು ಯಾರೂ ಇರಲಿಲ್ಲ. ಅಪ್ಪಯ್ಯ ಆ ಸದ್ದು ಪೂರ್ತಿ ಅಡಗುವವರೆಗೆ ತುತ್ತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.